ಒಲೆಯಲ್ಲಿ ಬೂದಿ ಉಳಿಸಲು ಕಲಿಸಿದ ಅವ್ವ

ಹೋದ ಶನಿವಾರ ಪಕ್ಕದ ಮನೆಯವರು ಹಿತ್ತಲಲ್ಲಿ ಸೌದೆ ಉರಿಸಿ ಬಾರ್ಬಿ, ಅಂದರೆ ಬಾರ್ಬೆಕ್ಯೂ, ಮಾಡಿದ್ದರು. ಬ್ರಿಸ್ಬೇನಿನ ಚಳಿಗಾಲಕ್ಕೆ ಬೆಂಕಿಯ ಅಗತ್ಯವೇ ಇಲ್ಲ, ಅದೊಂದು ಮೋಜು ಅಷ್ಟೇ. ಮರುದಿನ ಬೆಳಿಗ್ಗೆ ಯಾರೋ ಆ ಬೂದಿಯ ಮೇಲೆ ಒಂದು ಬಕೆಟ್ ನೀರು ಸುರಿದರು. ರನ್‌ಕಾರ್ನ್‌ನ ನಮ್ಮ ಅಡುಗೆಮನೆಯ ಕಿಟಕಿ ತೆರೆದಿತ್ತು. ಒದ್ದೆ ಬೂದಿಯ ವಾಸನೆ ಒಳಗೆ ಬಂದದ್ದೇ ತಡ, ನಾನು ದೋಸೆ ಮಗುಚುವುದನ್ನು ಮರೆತು ನಿಂತೆ. ದೋಸೆ ಕಪ್ಪಾಯಿತು. ಬೂದಿಯ ವಾಸನೆಗೆಲ್ಲ ಕಣ್ಣೀರು ಹಾಕುವವರು ಇದ್ದಾರೆಯೇ ಎಂದು ನೀವು ನಗಬಹುದು. ಇದ್ದಾರೆ, ನಾನೊಬ್ಬಳಿದ್ದೇನೆ.

ಆರು ವರ್ಷದ ಹಿಂದೆ ನಾವು ಪರ್ತ್‌ನ ಥಾರ್ನ್ಲಿಯಲ್ಲಿದ್ದೆವು. ನನ್ನ ಗಂಡ ಗಣಿ ಕಂಪನಿಯಲ್ಲಿ ಇಂಜಿನಿಯರ್. ಎರಡು ವಾರ ಉತ್ತರದ ಗಣಿಯಲ್ಲಿ, ಒಂದು ವಾರ ಮನೆಯಲ್ಲಿ. ವಿಮಾನ ಹತ್ತಿ ಡ್ಯೂಟಿಗೆ ಹೋಗುವ ಅಳಿಯ ಎಂದು ಮೈಸೂರಿನಲ್ಲಿ ನಮ್ಮ ಚಿಕ್ಕಮ್ಮಂದಿರಿಗೆಲ್ಲ ಬಹಳ ಹೆಮ್ಮೆ. ಇಲ್ಲಿ ನಾನೊಬ್ಬಳೇ ಗೋಡೆ ನೋಡಿಕೊಂಡು ಕೂತಿರುವುದು ಅವರಿಗೆ ಹೇಗೆ ಗೊತ್ತಾಗಬೇಕು? ಬಾಡಿಗೆಗೆ ಹಿಡಿದಿದ್ದು ಹಳೆಯ ಇಟ್ಟಿಗೆ ಮನೆ, ಸೂರು ಎತ್ತರ, ಕಿಟಕಿಗಳಲ್ಲಿ ಸಂದು. ಬೇಸಿಗೆಯಲ್ಲಿ ನೋಡಿ "ಎಷ್ಟು ತಂಪಾಗಿದೆ!" ಎಂದು ಮೆಚ್ಚಿ ಒಪ್ಪಿಕೊಂಡಿದ್ದೆವು. ನಮ್ಮ ಬುದ್ಧಿಗೆ ಏನೆನ್ನಬೇಕೋ... ಹಾಲ್‌ನ ಮೂಲೆಯಲ್ಲಿ ಒಂದು ಕಬ್ಬಿಣದ ಸೌದೆ ಒಲೆ ಇತ್ತು. ಗಾಜಿನ ಬಾಗಿಲು, ಸೂರು ತೂರಿಕೊಂಡು ಮೇಲೆ ಹೋಗುವ ಕೊಳವೆ, ಕೆಳಗೆ ಗಾಳಿ ಹೆಚ್ಚು ಕಡಿಮೆ ಮಾಡಲು ಸಣ್ಣದೊಂದು ಹಿಡಿ. ನಾವು ಅದರ ಮೇಲೆ ಗಣಪತಿ ವಿಗ್ರಹ ಇಟ್ಟು ಷೋಕೇಸ್ ಮಾಡಿಕೊಂಡಿದ್ದೆವು.

ಮಗಳು ಆರು ವಾರ ಮುಂಚೆಯೇ ಹುಟ್ಟಿಬಿಟ್ಟಳು. ಜೂನ್ ತಿಂಗಳ ಕೊನೆ, ಅಲ್ಲಿ ಕೊರೆಯುವ ಚಳಿ. ಮೂರು ವಾರ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದು ಮನೆಗೆ ಬಂದಾಗ ಅವಳ ತೂಕ ಎರಡು ಕೆಜಿ ಇನ್ನೂರು ಗ್ರಾಂ. ವಾರಕ್ಕೊಮ್ಮೆ ಮನೆಗೇ ಬಂದು ನೋಡುವ ನರ್ಸ್ ಹಾಲ್‌ನ ಗೋಡೆಗೆ ಒಂದು ಉಷ್ಣತೆ ತೋರಿಸುವ ಕಾರ್ಡ್ ಅಂಟಿಸಿದರು. ರಾತ್ರಿಯಿಡೀ ಅದರ ಗುರುತು ಹದಿನಾರರಿಂದ ಇಪ್ಪತ್ತು ಡಿಗ್ರಿಯ ಹಸಿರು ಪಟ್ಟಿಯಲ್ಲೇ ಇರಬೇಕು ಎಂದರು. ಟೋಪಿ ಹಾಕಿ, ಕಂಬಳಿ ಮೇಲೆ ಕಂಬಳಿ ಹೊದಿಸಿ ಮಲಗಿಸಬಾರದಂತೆ, ಅದು ಅಪಾಯ. ಬೆಚ್ಚಗಿರಬೇಕಾದ್ದು ಕೋಣೆ. ಅದೂ ಹದವಾಗಿ, ಒಂದೇ ಸಮ.

ಒಂದು ಎಲೆಕ್ಟ್ರಿಕ್ ಹೀಟರ್ ತಂದಿದ್ದೆವು. ಹಾಕಿದ ಹತ್ತು ನಿಮಿಷಕ್ಕೆ ಇಡೀ ಮನೆಯ ಕರೆಂಟು ಹೋಗುತ್ತಿತ್ತು. ವೈರಿಂಗ್ ಹಳೆಯದು. ಮನೆಯ ಏಜೆಂಟ್ ಇವತ್ತು ಕಳಿಸ್ತೀನಿ, ನಾಳೆ ಕಳಿಸ್ತೀನಿ ಎನ್ನುತ್ತಿದ್ದಳೇ ಹೊರತು ಎಲೆಕ್ಟ್ರಿಷಿಯನ್ ಮುಖ ನಾನು ಕಾಣಲಿಲ್ಲ. ಹಾಗಾಗಿ ಗಣಪತಿಯನ್ನು ಇಳಿಸಿ ಒಲೆ ಹಚ್ಚಿದೆ. ಹಿಂದೆ ಇದ್ದವರು ಷೆಡ್ಡಿನಲ್ಲಿ ಜಾರಾ ಮರದ ಸೌದೆ ಒಟ್ಟಿ ಹೋಗಿದ್ದರು, ಸೌದೆಗೆ ಬರವಿರಲಿಲ್ಲ. ನಾನು ಕೆಮಿಸ್ಟ್ರಿ ಎಂ.ಎಸ್ಸಿ. ಎರಡು ವರ್ಷ ಕಾಲೇಜಿನಲ್ಲಿ ಹುಡುಗರಿಗೆ ದಹನಕ್ರಿಯೆ ಪಾಠ ಮಾಡಿದವಳು. ಆದರೆ ಆ ಒಲೆ ನನ್ನ ಡಿಗ್ರಿಗೆ ಮೂರು ಕಾಸಿನ ಮರ್ಯಾದೆ ಕೊಡಲಿಲ್ಲ. ಸಂಜೆ ಧಗಧಗ ಉರಿಯುವುದು, ಬೆಳಗಾಗುವಷ್ಟರಲ್ಲಿ ತಣ್ಣಗೆ ಕಲ್ಲು. ಕಾರ್ಡ್ ನೋಡಿದರೆ ಹನ್ನೊಂದು, ಹನ್ನೆರಡು.

ಮುಂದಿನ ಗುರುವಾರ ನರ್ಸ್ ಮಗುವನ್ನು ತೂಗಿದಾಗ ಇಡೀ ವಾರಕ್ಕೆ ಏರಿದ್ದು ಎಪ್ಪತ್ತೇ ಗ್ರಾಂ. ಕುಡಿದ ಹಾಲೆಲ್ಲ ಮೈ ಬೆಚ್ಚಗಿಟ್ಟುಕೊಳ್ಳುವುದಕ್ಕೇ ಹೋಗುತ್ತಿದೆ ಎಂದರು. ಬರುವ ಗುರುವಾರದೊಳಗೆ ನೂರೈವತ್ತು ಗ್ರಾಂ ಆದರೂ ಏರದಿದ್ದರೆ ಮತ್ತೆ ಆಸ್ಪತ್ರೆಗೆ ಸೇರಿಸಬೇಕು ಎಂದೂ ಹೇಳಿದರು. ಒಳ್ಳೆಯ ಹೆಂಗಸು, ನನ್ನ ಭುಜ ಸವರಿಯೇ ಹೇಳಿದರು. ಆದರೆ ನನಗೆ ಕಣ್ಣ ಮುಂದೆ ಬಂದದ್ದು ಆ ಗಾಜಿನ ಪೆಟ್ಟಿಗೆ, ಮಗುವಿನ ಮೂಗಿಗೆ ಅಂಟಿಸಿದ ಆ ನಳಿಗೆ. ಗಂಡನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. "ಮುಂದಿನ ಫ್ರೈಡೇ ಬಂದ್ಬಿಡ್ತೀನಿ ಕಣೇ, ನನ್ ಜಾಗಕ್ಕೆ ರಿಲೀಫ್ ಸಿಗ್ತಿಲ್ಲ, ಏನ್ ಮಾಡ್ಲಿ ಹೇಳು" ಎಂದು ಅವನೂ ಅಳುವಂತಾದ. ಮೈಸೂರಿನಲ್ಲಿದ್ದ ಅಮ್ಮನ ವೀಸಾ ಇನ್ನೂ ಬಂದಿರಲಿಲ್ಲ.

ಮರುದಿನ ಬೆಳಿಗ್ಗೆ ಯಾರೋ ಬಾಗಿಲು ಬಡಿದರು. ತೆರೆದರೆ ಅರವತ್ತೈದು ದಾಟಿದ ಹೆಂಗಸೊಬ್ಬರು. ಕಂದು ಸೀರೆ, ಅದರ ಮೇಲೆ ಗಂಡಸರ ಸ್ವೆಟರ್, ತಲೆಗೆ ಮಂಕಿ ಕ್ಯಾಪ್, ಕಾಲಿಗೆ ಅವರದಲ್ಲದ ದೊಡ್ಡ ಸ್ಪೋರ್ಟ್ಸ್ ಷೂ.

"ಕನ್ನಡದೋರೇ ಅಲ್ವಾ?" ಎಂದರು. ಹೌದೆಂದೆ.

"ಸದ್ಯ. ಹಂಗಾದ್ರೆ ಬಯ್ಯಬೋದು. ಏನವ್ವಾ ಇದು ಹೊಗೆ? ನಾಕ್ ದಿವ್ಸದಿಂದ ನೋಡ್ತಾ ಇವ್ನಿ, ಬೆಳಿಗ್ಗೆ ಎದ್ರೆ ನಿಮ್ಮನೆ ಚಿಮಣೀಲಿ ಕರ್ರಗೆ ಹೊಗೆ! ಒಳಗಿರೋರು ಬದುಕವ್ರಾ ಇಲ್ವಾ ಅಂತ ನೋಡಕ್ಕೆ ಬಂದೆ."

ನಾವು ಕನ್ನಡದವರು ಎಂದು ಹೇಗೆ ಗೊತ್ತಾಯಿತು ಎಂದು ಕೇಳಿದೆ. "ಬಾಗ್ಲಲ್ಲಿ ರಂಗೋಲಿ ಇತ್ತು. ತಮಿಳರೋ ಏನೋ ಅಂತ ವಸಿ ಅನುಮಾನ. ನೆನ್ನೆ ಫೋನಲ್ಲಿ ಗಂಡನ್ನ ಬೈತಿದ್ದಲ್ಲ, ರಸ್ತೆಗೇ ಕೇಳಸ್ತಿತ್ತು. ಆಗ ಖಾತ್ರಿ ಆಯ್ತು" ಎಂದರು. ನನಗೆ ನಾಚಿಕೆಯಾಯಿತು, ಜೊತೆಗೆ ಎಷ್ಟೋ ದಿನದ ಮೇಲೆ ನಗುವೂ ಬಂತು.

ಅವರು ಎರಡು ರಸ್ತೆ ಆಚೆ ಮಗ ಸೊಸೆಯ ಜೊತೆ ಇದ್ದರು. ಇಬ್ಬರೂ ವೃದ್ಧಾಶ್ರಮದಲ್ಲಿ ನರ್ಸುಗಳು, ಶಿಫ್ಟ್ ಕೆಲಸ. ಮೊಮ್ಮಕ್ಕಳನ್ನು ನೋಡಿಕೊಳ್ಳಲು ಊರಿನಿಂದ ಕರೆಸಿಕೊಂಡಿದ್ದರು. ಮಕ್ಕಳು ಶಾಲೆಗೆ ಹೋದ ಮೇಲೆ ಮಾಡಲು ಕೆಲಸವಿಲ್ಲದೆ ಬೀದಿ ಬೀದಿ ನಡೆಯುವುದು, ಜನರ ಚಿಮಣಿ ನೋಡುವುದು. ಆಂಟಿ ಎಂದು ಕರೆದರೆ ಮುಖ ಗಂಟಿಕ್ಕಿದರು. "ಆಂಟಿ ಗೀಂಟಿ ಬ್ಯಾಡ, ಅವ್ವ ಅನ್ನು." ಅವತ್ತಿನಿಂದ ನನಗೂ ಅವರು ಅವ್ವ.

ಒಳಗೆ ಬಂದವರೇ ಷೂ ಬಿಚ್ಚಿ ಕೈ ತೊಳೆದು ಮೊದಲು ಮಗುವಿನ ಅಂಗಾಲು ಮುಟ್ಟಿ ನೋಡಿದರು. ಆಮೇಲೆ ಗೋಡೆಯ ಕಾರ್ಡ್ ಏನೆಂದು ಕೇಳಿದರು. ನಾನು ಎಲ್ಲ ಹೇಳಿಕೊಂಡೆ. ನೂರೈವತ್ತು ಗ್ರಾಂ, ಗುರುವಾರ, ಆಸ್ಪತ್ರೆ, ಎಲ್ಲ. ಅವರು ಮಗುವನ್ನೇ ನೋಡುತ್ತ, "ಚಾಕಿ ಹುಳ ಇದ್ದಂಗದೆ" ಎಂದರು.

ನನಗೆ ರೇಗಿಹೋಯಿತು. ನನ್ನ ಚಿನ್ನದಂಥ ಮಗಳನ್ನು ಹುಳ ಅನ್ನುವುದೇ! ನನ್ನ ಮುಖ ನೋಡಿ ಅವರಿಗೆ ಅರ್ಥವಾಗಿರಬೇಕು. ಕೊಳ್ಳೇಗಾಲದ ಹತ್ತಿರದ ಊರಿನಲ್ಲಿ ಅವರು ಮೂವತ್ತು ವರ್ಷ ರೇಷ್ಮೆ ಹುಳು ಸಾಕಿದವರಂತೆ. ಮೊಟ್ಟೆಯೊಡೆದ ಮೊದಲ ದಿನಗಳ ಹುಳುವಿಗೆ ಚಾಕಿ ಹುಳು ಎನ್ನುತ್ತಾರೆ. ಇರುವೆಗಿಂತ ಸಣ್ಣ. ಆಗ ಅವುಗಳ ಮನೆಯನ್ನು ಹಗಲೂ ರಾತ್ರಿ ಒಂದೇ ಹದದಲ್ಲಿ ಬೆಚ್ಚಗಿಡಬೇಕು. ಹೆಚ್ಚಾದರೂ ಸಾಯುತ್ತವೆ, ಕಮ್ಮಿಯಾದರೂ ಸಾಯುತ್ತವೆ, ಹೊಗೆಯಾದರಂತೂ ಕಥೆ ಮುಗಿದಂತೆಯೇ. ಮಾಗಿ ಚಳಿಯಲ್ಲಿ ಜಾಲಿ ಇದ್ದಿಲಿನ ಕೆಂಡ ಮಾಡಿ, ಬೂದಿ ಮುಚ್ಚಿ, ಬೆಳಗಿನವರೆಗೆ ಕಾವು ಹಿಡಿದಿಡುವುದು ಮನೆಯ ಹೆಂಗಸರ ಕೆಲಸ. ಇದನ್ನೆಲ್ಲ ಅವರು ಹೇಳಿದ್ದು ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಅದರ ಬಾಗಿಲು ತೆರೆಯುತ್ತ ಮುಚ್ಚುತ್ತ.

ಒಲೆಯ ಒಳಗೆ ಕೈಯಾಡಿಸಿ ತಿರುಗಿ ನನ್ನನ್ನು ನೋಡಿದರು. "ಬೂದಿ ಎಲ್ಲಿ?"

"ತೆಗ್ದೆ. ದಿನಾ ಬೆಳಿಗ್ಗೆ ತೆಗ್ದು ಒರೆಸ್ತೀನಿ" ಎಂದೆ, ಹೆಮ್ಮೆಯಿಂದಲೇ. ಒರೆಸುವುದೇನು, ಒಲೆಯ ಮುಂದಿನ ಕಲ್ಲಿನ ಮೇಲೆ ನಾಲ್ಕೆಳೆ ರಂಗೋಲಿಯನ್ನೂ ಹಾಕುತ್ತಿದ್ದೆ. ನಮ್ಮ ಮೈಸೂರಿನ ಮನೆಯಲ್ಲಿ ಅಜ್ಜಿಯ ಕಾಲದಿಂದ ಬಂದ ಕ್ರಮ ಅದು. ಹಿಂದಿನ ದಿನದ ಬೂದಿ ಇಟ್ಟುಕೊಂಡು ಯಾರೂ ಒಲೆ ಹಚ್ಚುತ್ತಿರಲಿಲ್ಲ. ಗ್ಯಾಸ್ ಬಂದ ಮೇಲೂ ಬಚ್ಚಲ ಒಲೆಗೆ ಅದೇ ಕಾನೂನು. ಅಮ್ಮ ಫೋನಿನಲ್ಲಿ ದಿನವೂ ಜ್ಞಾಪಿಸುತ್ತಿದ್ದಳು. ನಿದ್ದೆಯಿಲ್ಲದೆ ಕಣ್ಣು ಉರಿಯುತ್ತಿದ್ದರೂ ನಾನು ತಪ್ಪಿಸಿರಲಿಲ್ಲ.

"ಅದು ಅಡುಗೆ ಒಲೆಗೆ ಸರಿ ಕನವ್ವ. ಇದು ಕಾವು ಮಡಗೋ ಒಲೆ. ಬೂದಿ ಇಲ್ದೆ ಕೆಂಡ ಎಲ್ಲಿ ಮಲಗ್ತದೆ? ಬರೀ ಕಬ್ಬಿಣದ ಮೇಲೆ ಮಲಗುಸ್ದ್ರೆ ಬೇಗ ಸತ್ತೋಯ್ತದೆ."

ನಾನು ಕಬ್ಬಿಣದ ಬಕೆಟ್ಟಿನಲ್ಲಿ ಕೂಡಿಟ್ಟಿದ್ದ ಅಷ್ಟು ದಿನದ ಬೂದಿಯನ್ನೆಲ್ಲ ತಂದು ಒಲೆಯ ತಳಕ್ಕೆ ಹಾಸಿದರು. ಅಂಥ ಒಲೆಯನ್ನು ಅವರು ಜನ್ಮದಲ್ಲಿ ನೋಡಿರಲಿಲ್ಲ. ಮಧ್ಯಾಹ್ನದವರೆಗೆ ಅದರ ಜೊತೆ ಕೂತು ಅದರ ಸ್ವಭಾವ ಕಲಿತರು. ಗಾಳಿಯ ಹಿಡಿಯನ್ನು ಒಂದು ಬೆರಳಷ್ಟು ತಳ್ಳುವುದು, ಹೊರಗೆ ಹೋಗಿ ಅಂಗಳದಲ್ಲಿ ನಿಂತು ಕತ್ತೆತ್ತಿ ಹೊಗೆ ನೋಡುವುದು, ಒಳಗೆ ಬಂದು ಮತ್ತೆ ಒಂದು ಬೆರಳು. ಹೊಗೆ ಕಪ್ಪಗಿದ್ದರೆ ಬೆಂಕಿ ಉಸಿರು ಕಟ್ಟಿ ಒದ್ದಾಡುತ್ತಿದೆ, ಏನೂ ಕಾಣದೆ ಗಾಳಿ ಮಾತ್ರ ನಡುಗಿದರೆ ಸುಖವಾಗಿದೆ. ಷೆಡ್ಡಿಗೆ ಹೋಗಿ ಎರಡೆರಡು ಸೌದೆ ಬಡಿದು ನೋಡಿದರು. ಠಣ್ ಎಂದದ್ದು ಒಂದು ಕಡೆ, ದಬ್ ಎಂದದ್ದು ಇನ್ನೊಂದು ಕಡೆ. "ಏನ್ ಗಟ್ಟಿ ಸೌದೆ ಅಂತೀಯ, ನಮ್ ಜಾಲಿಗೆ ಅಣ್ಣ ಆಗ್ಬೇಕು ಇದು!" ಎಂದು ಜಾರಾ ತುಂಡನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದರು. ನಾನು ಪುಸ್ತಕದಲ್ಲಿ ಓದಿ ಪರೀಕ್ಷೆ ಪಾಸು ಮಾಡಿದ್ದನ್ನು ಈ ಹೆಂಗಸು ಬೆರಳ ತುದಿಯಲ್ಲಿ ಇಟ್ಟುಕೊಂಡಿದ್ದರಲ್ಲ ಎಂದು ನನಗೆ ಒಳಗೊಳಗೇ ಮೆಚ್ಚುಗೆ. ಬಾಯಿ ಬಿಟ್ಟು ಹೇಳಲಿಲ್ಲ, ನನಗೂ ಒಂದು ಜಂಬ ಇತ್ತಲ್ಲ.

ಸಂಜೆ ಮತ್ತೆ ಬಂದು ರಾತ್ರಿಯ ಕೆಲಸ ತೋರಿಸಿಕೊಟ್ಟರು. ಹಗಲಿನ ಕೆಂಡವನ್ನೆಲ್ಲ ಮುಂದಕ್ಕೆ ಎಳೆದು, ಹಿಂದೆ ಬೂದಿಯ ಮೇಲೆ ಸೀಳದ ದೊಡ್ಡ ತುಂಡೊಂದನ್ನು ಇಟ್ಟು, ಅದರ ಮೈಯೆಲ್ಲ ಕೆಂಪಾಗುವವರೆಗೆ ಗಾಳಿ ಬಿಟ್ಟು ಉರಿಸಬೇಕು. ಆಮೇಲೆ ಹಿಡಿಯನ್ನು ಒಮ್ಮೆಗೇ ಮುಚ್ಚದೆ ಮೂರು ಸಲ, ಸ್ವಲ್ಪ ಸ್ವಲ್ಪವೇ. ಪೂರ್ತಿ ಎಂದೂ ಮುಚ್ಚಬಾರದು. "ಅವಸರ ಮಾಡ್ಬ್ಯಾಡ. ಬೆಂಕಿಗೂ ನಿದ್ದೆ ಹತ್ತಕ್ಕೆ ಹೊತ್ತು ಬೇಕು. ಬೆಳಿಗ್ಗೆ ಬೂದಿ ತೆಗಿಬ್ಯಾಡ ಮಗಾ, ಗ್ಯಾನ ಇರ್ಲಿ" ಎಂದು ಹೇಳಿ ಮನೆಗೆ ಹೋದರು.

ಶನಿವಾರ ಬೆಳಿಗ್ಗೆ ಎದ್ದು ನೋಡಿದರೆ ಕಾರ್ಡಿನಲ್ಲಿ ಹದಿನೆಂಟು! ಬೂದಿ ಕೆದಕಿದರೆ ಒಳಗೆ ದಾಳಿಂಬೆ ಕಾಳಿನಂಥ ಕೆಂಡ. ಕುಣಿದುಬಿಡುವಷ್ಟು ಖುಷಿಯಾಗಿ ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ಎಲ್ಲ ಕೇಳಿಸಿಕೊಂಡು, "ಅದೆಲ್ಲ ಸರಿ, ಇವತ್ತು ಭೀಮನ ಅಮಾವಾಸ್ಯೆ. ಗಂಡನ ಆಯಸ್ಸಿಗೆ ಮಾಡೋ ಪೂಜೆ. ಅವನು ಬೇರೆ ಆ ಗಣೀಲಿದಾನೆ. ಇವತ್ತೊಂದಿನನಾದ್ರೂ ಮನೇಲಿ ಹಳೇ ಬೂದಿ ಇಟ್ಕೋಬೇಡ್ವೇ" ಎಂದಳು.

ಗಂಡ ಸಾವಿರ ಮೈಲಿ ದೂರದಲ್ಲಿ, ನೆಲದ ಹೊಟ್ಟೆಯೊಳಗೆ. ಅಮ್ಮನ ಮಾತು ಎದೆಯಲ್ಲಿ ಮುಳ್ಳಿನಂತೆ ಕೂತಿತು. ಅವ್ವ ಆ ದಿನ ಹಬ್ಬದಡುಗೆಗೆಂದು ಮಗನ ಮನೆಯಲ್ಲೇ ಇದ್ದರು, ತಡೆಯಲು ಯಾರಿದ್ದರು? ಕೆಂಡ, ಬೂದಿ, ಎಲ್ಲವನ್ನೂ ಕಬ್ಬಿಣದ ಬಕೆಟ್ಟಿಗೆ ಬಾಚಿ ಹೊರಗಿಟ್ಟೆ. ಮಳೆ ಬರುತ್ತಿತ್ತು, ಬಕೆಟ್ಟು ಚುಸ್ ಎಂದಿತು. ಒಲೆ ಉಜ್ಜಿ, ರಂಗೋಲಿ ಹಾಕಿ, ದೀಪದ ಕಂಬಕ್ಕೆ ಪೂಜೆ ಮಾಡಿದೆ. ಹಗಲೆಲ್ಲ ಹೊಸ ಬೆಂಕಿ ಚೆನ್ನಾಗಿಯೇ ಉರಿಯಿತು. ರಾತ್ರಿ ಅವ್ವ ಹೇಳಿಕೊಟ್ಟ ಹಾಗೇ ದೊಡ್ಡ ತುಂಡು ಇಟ್ಟೆ, ಮೂರು ಸಲ ಗಾಳಿ ಇಳಿಸಿದೆ. ಒಂದು ದಿನಕ್ಕೇನಾಗುತ್ತದೆ ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ಕಾರ್ಡಿನಲ್ಲಿ ಹನ್ನೊಂದು. ನನಗೇ ಮೂಗಿನ ತುದಿ ತಣ್ಣಗಾಗಿತ್ತು. ಮಗುವಿನ ಪಾದ ಮುಟ್ಟಿದೆ... ಈಗ ಬರೆಯುವಾಗಲೂ ಬೆರಳಿಗೆ ಆ ತಂಪು ತಿಳಿಯುತ್ತದೆ. ಎಬ್ಬಿಸಿದರೆ ಕಣ್ಣು ಬಿಟ್ಟು ಮತ್ತೆ ಮುಚ್ಚಿತು. ಹಾಲಿಗೆ ಬಾಯಿ ಹಚ್ಚಿ, ಎರಡು ಗುಟುಕು ಎಳೆದು ಸುಮ್ಮನಾಯಿತು. ಆಸ್ಪತ್ರೆಯ ನಂಬರಿಗೆ ಫೋನ್ ಮಾಡಿದೆ. ಮಗುವನ್ನು ಬರಿ ಮೈಯಲ್ಲಿ ಎದೆಗೆ ಅಪ್ಪಿಕೊಂಡು ಮೇಲೆ ಹೊದ್ದುಕೋ, ಒಂದು ಗಂಟೆಯಲ್ಲಿ ಹಾಲು ಕುಡಿಯದಿದ್ದರೆ ಕರೆದುಕೊಂಡು ಬಾ ಎಂದರು. ಫೋನ್ ಇಡುವ ಹೊತ್ತಿಗೆ ಅವ್ವ ಬಾಗಿಲಲ್ಲಿದ್ದರು. ಚಿಮಣಿಯ ಮೇಲೆ ಹೊಗೆಯೂ ಇಲ್ಲ, ಗಾಳಿಯ ನಡುಕವೂ ಇಲ್ಲವೆಂದು ನೋಡಿ ಓಡುತ್ತ ಬಂದಿದ್ದರು.

ಒಲೆ ನೋಡಿದರು. ರಂಗೋಲಿ ನೋಡಿದರು. ನಾನು, "ಅಮಾವಾಸ್ಯೆ ಅಂತ... ಅಮ್ಮ ಹೇಳಿದ್ಲು..." ಎನ್ನುತ್ತ ಅತ್ತುಬಿಟ್ಟೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. "ನಿಮ್ಮವ್ವ ಅವ್ರ ಒಲೆಗೆ ಸರಿಯಾಗೇ ಹೇಳವ್ರೆ ಬುಡು. ಅಳಬ್ಯಾಡ, ಎದೆ ನಡುಗ್ತದೆ, ಕೂಸು ಎದೆ ಮೇಲದೆ" ಎಂದಷ್ಟೇ ಹೇಳಿ, ಹೊರಗಿದ್ದ ಬಕೆಟ್ ನೋಡಲು ಹೋದರು. ಅದರೊಳಗಿನ ಬೂದಿ ಮಳೆಗೆ ನೆನೆದು ಅಂಬಲಿಯಾಗಿತ್ತು. ಅದನ್ನು ಗಿಡದ ಬುಡಕ್ಕೆ ಚೆಲ್ಲಿ, ಬಕೆಟ್ ಒರೆಸಿಕೊಂಡು ರಸ್ತೆಗಿಳಿದರು.

ಕಾಲು ಗಂಟೆಯಾಗಿರಬಹುದು. ಕಿಟಕಿಯಲ್ಲಿ ನೋಡಿದರೆ ಮೆರವಣಿಗೆ! ಮುಂದೆ ಮಂಕಿ ಕ್ಯಾಪಿನ ಅವ್ವ, ಹಿಂದೆ ನಾಲ್ಕು ಮನೆ ಆಚೆಯ ಬಿಳಿಯ ಮುದುಕ, ಡ್ರೆಸಿಂಗ್ ಗೌನ್ ಮತ್ತು ಗಂಬೂಟಿನಲ್ಲಿ. ಅವ್ವನ ಬಕೆಟ್ಟಿನಲ್ಲಿ ಒಣ ಬೂದಿ. ಅವನ ಕೈಯಲ್ಲಿ ಮುಚ್ಚಳದ ಕಬ್ಬಿಣದ ಡಬ್ಬ, ಅದರ ತುಂಬ ನಿಗಿನಿಗಿ ಕೆಂಡ. ಆ ಮನೆಯ ಚಿಮಣಿಯನ್ನು ಅವ್ವ ಎಷ್ಟು ದಿನದಿಂದ ಗಮನಿಸಿದ್ದರೋ! ಅವರಿಗೆ ಇಂಗ್ಲಿಷ್ ಒಂದಕ್ಷರ ಬರುತ್ತಿರಲಿಲ್ಲ. ಹೇಗೆ ಕೇಳಿದಿರಿ ಎಂದು ಆಮೇಲೆ ವಿಚಾರಿಸಿದರೆ, "ಏನದೆ ಕೇಳಕ್ಕೆ? ಬಕೀಟ್ ತೋರುಸ್ದೆ, ಅವನ್ ಒಲೆ ತೋರುಸ್ದೆ, ಕೂಸು ಅಂತ ಕೈಯಲ್ಲಿ ತೂಗಿ ತೋರುಸ್ದೆ. ಬೆಂಕಿ ಮಡಗಕ್ ಬರೋನು, ಅವನಿಗೆ ಗೊತ್ತಾಗಲ್ವಾ? ಊರಲ್ಲಿ ಕೆಂಡ ಈಸ್ಕೊಂಡ್ ಬರ್ತಿರ್ಲಿಲ್ವಾ, ಹಂಗೇಯ" ಎಂದರು.

ಅವ್ವ ಬೂದಿ ಹಾಸಿದರು, ಮುದುಕ ಕೆಂಡ ಸುರಿದ. ಇಬ್ಬರೂ ಪಕ್ಕಪಕ್ಕ ಮಂಡಿಯೂರಿ ಒಂದೂ ಮಾತಿಲ್ಲದೆ ಆ ಒಲೆ ಎಬ್ಬಿಸಿದ್ದನ್ನು ನಾನು ಸೋಫಾದಲ್ಲಿ ಮಗುವನ್ನು ಅಪ್ಪಿಕೊಂಡು ನೋಡುತ್ತಿದ್ದೆ. ಹೋಗುವಾಗ ಅವನು ಅವ್ವನತ್ತ ಹೆಬ್ಬೆರಳು ತೋರಿಸಿ, "ಷಿ ನೋಸ್ ಹರ್ ಫೈರ್, ದಟ್ ಒನ್" ಎಂದ. ಅಷ್ಟು ಹೊತ್ತಿಗೆ ಮಗು ನನ್ನ ಎದೆಯ ಮೇಲೆ ಮಿಸುಕಾಡಿ ಬಾಯಿ ಹುಡುಕಿತು. ಕುಡಿಯಿತು. ಕುಡಿಯುತ್ತಲೇ ಇತ್ತು.

ಅಂದಿನಿಂದ ನಾಲ್ಕು ರಾತ್ರಿ ಅವ್ವ ನಮ್ಮ ಮನೆಯಲ್ಲೇ ಮಲಗಿದರು. "ಅಮ್ಮಂಗೆ ಇಲ್ಲೇ ಖುಷಿ ಮೇಡಂ, ಅಲ್ಲಿ ಎಸಿ ರಿಮೋಟ್ ನೋಡಿ ನೋಡಿ ಬೋರ್ ಆಗ್ಬಿಟ್ಟಿದೆ" ಎಂದು ಅವರ ಮಗನೇ ಹಾಸಿಗೆ ತಂದುಕೊಟ್ಟ. ಸಂಜೆ ಒಲೆ ತುಂಬುವಾಗ ಕೆಲಸವನ್ನೆಲ್ಲ ನನ್ನಿಂದಲೇ ಮಾಡಿಸಿ, ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರು. ಹಾಗೆ ಕೂತಿದ್ದ ಒಂದು ಸಂಜೆ, ಗುರುತು ಪರಿಚಯ ಇಲ್ಲದ ನಮಗಾಗಿ ಯಾಕಿಷ್ಟು ಒದ್ದಾಡುತ್ತೀರಿ ಎಂದು ಕೇಳಿದೆ. ಅವ್ವ ಮಗುವಿನ ಅಂಗಾಲು ಸವರುತ್ತ ಹೇಳಿದರು.

"ಮದ್ವೆ ಆಗಿ ಬಂದ ವರ್ಸ. ನೂರು ಮೊಟ್ಟೆ ಚಾಕಿ, ಅಂದ್ರೆ ಸಾವ್ರಾರು ಹುಳ, ನನ್ ಕೈಗೆ ಕೊಟ್ಟು ಅತ್ತೆ ತವರಿಗೆ ಹೋಗಿದ್ರು. ಒಂದಿನ ನಿದ್ದೆ ಬಂದ್ಬುಡ್ತು ಮಗಾ. ಬೆಳಿಗ್ಗೆ ತಟ್ಟೆ ನೋಡುದ್ರೆ ಸೊಪ್ಪು ಹಂಗೇ ಅದೆ, ಹುಳ ಅಳ್ಳಾಡ್ತಾ ಇಲ್ಲ. ಅತ್ತೆ ಒಂದ್ ಮಾತೂ ಅನ್ಲಿಲ್ಲ. ಅಂದಿದ್ರೆ ಎಷ್ಟೋ ಚೆಂದಾಗಿರೋದು. ಅವತ್ತಿಂದ ತಣ್ಣಗಿರೋ ಒಲೆ ಕಂಡ್ರೆ ಸುಮ್ನೆ ಇರಕ್ಕೆ ಆಗಲ್ಲ."

ಭಾನುವಾರ ಅವರು ಬೈಯುತ್ತ ಕೂರದೆ ಬಕೆಟ್ ಹಿಡಿದು ಯಾಕೆ ಓಡಿದರು ಎಂದು ಆಗ ತಿಳಿಯಿತು. ಅವರ ಕೈ ಹಿಡಿದುಕೊಂಡೆ. ಬೆರಳ ಗೆಣ್ಣಿನ ಮೇಲೆಲ್ಲ ಹಳೆಯ ಸುಟ್ಟ ಕಲೆಗಳು. ಅವರು ಕೈ ಎಳೆದುಕೊಂಡು, "ಹಿಡಿ ಇನ್ನೊಂದು ಬೆಳ್ಳು ಇಳ್ಸು, ಮಾತಾಡ್ತಾ ಮರ್ತ್ಬುಟ್ಟೆ" ಎಂದು ಗದರಿದರು.

ಗುರುವಾರ ನರ್ಸ್ ಬಂದರು. ಕಾರ್ಡ್ ನೋಡಿ ಹುಬ್ಬೇರಿಸಿದರು, ಹತ್ತೊಂಬತ್ತು. ಮಗುವಿನ ಬಟ್ಟೆ ಬಿಚ್ಚಿ ತಕ್ಕಡಿಯಲ್ಲಿಟ್ಟರು. ನಾನು ಕಣ್ಣು ಮುಚ್ಚಿಕೊಂಡಿದ್ದೆ. ನೂರಾ ತೊಂಬತ್ತು ಗ್ರಾಂ ಏರಿದೆ ಎಂದರು. ಇನ್ನೊಮ್ಮೆ ಹೇಳಿ ಎಂದೆ, ಇನ್ನೊಮ್ಮೆ ಹೇಳಿದರು. ಆಸ್ಪತ್ರೆ ಬೇಡ.

ಅವ್ವ ಮೂಲೆಯಲ್ಲಿ ನಿಂತಿದ್ದರು. "ಎಷ್ಟಂತೆ? ಎಷ್ಟಂತೆ ಮಗಾ?" ಎಂದು ಸೆರಗು ಹಿಂಡುತ್ತ ಕೇಳಿದರು. ಹೇಳಿದೆ. ಕಣ್ಣೊರೆಸಿಕೊಂಡು, "ಒಂದ್ನೇ ಜ್ವರದಲ್ಲಿ ಎದ್ದಂಗಾಯ್ತು ಬುಡು. ಇನ್ನು ಭಯ ಇಲ್ಲ" ಎಂದರು. ಹುಳು ಮೊದಲ ಸಲ ಪೊರೆ ಬಿಡುವುದಕ್ಕೆ ಅವರ ಕಡೆ ಒಂದನೇ ಜ್ವರ ಎನ್ನುತ್ತಾರೆ. ಆ ಒಂದು ದಿನ ಅದು ಸೊಪ್ಪು ಮುಟ್ಟದೆ ಮಲಗಿ, ಬದುಕಿದರೆ ತಲೆಯೆತ್ತಿ ತಿನ್ನಲು ಶುರು ಮಾಡುತ್ತದಂತೆ. ಮಗಳನ್ನು ಹುಳ ಎಂದದ್ದಕ್ಕೆ ಈ ಸಲ ನನಗೆ ಸಿಟ್ಟು ಬರಲಿಲ್ಲ. ಅವರ ಕಾಲಿಗೆ ಬಿದ್ದೆ. ನಮ್ಮ ಮನೆಯಲ್ಲಿ ಹೊರಗಿನವರ ಕಾಲಿಗೆ ಬೀಳುವ ರೂಢಿಯಿಲ್ಲ. ಆದರೆ ಅವತ್ತು ನನಗೆ ಅವರಿಗಿಂತ ಒಳಗಿನವರು ಯಾರೂ ಇರಲಿಲ್ಲ.

ಶುಕ್ರವಾರ ಗಂಡ ಬಂದ. ಆ ಚಳಿಗಾಲ ಮುಗಿಯುವವರೆಗೆ ನಮ್ಮ ಒಲೆ ಆರಲಿಲ್ಲ. ಇನ್ನು ಬೂದಿ ತೆಗೆಯುವುದಿಲ್ಲ ಎಂದು ಅಮ್ಮನಿಗೂ ನಾನೇ ಧೈರ್ಯ ಮಾಡಿ ಹೇಳಿದೆ, ಆಕೆ ಎರಡು ದಿನ ಮಾತು ಬಿಟ್ಟು ಆಮೇಲೆ ಸರಿಹೋದಳು. ಸೆಪ್ಟೆಂಬರಿನಲ್ಲಿ ಅವ್ವನ ವೀಸಾ ಮುಗಿಯಿತು. ಏರ್‌ಪೋರ್ಟಿಗೆ ಹೋಗಿದ್ದೆವು. ಮಗಳ ಅಂಗಾಲು ಮುಟ್ಟಿ ನೋಡಿ, ನನ್ನ ಕೆನ್ನೆ ತಟ್ಟಿ, ತಿರುಗಿ ನೋಡದೆ ಒಳಗೆ ಹೋದರು. ಮತ್ತೆ ಬರಲಿಲ್ಲ. ಮಂಡಿ ನೋವು, ವಯಸ್ಸು...

ನಾವೂ ಪರ್ತ್ ಬಿಟ್ಟೆವು. ಮೊದಲು ಅಡಿಲೇಡ್, ಆಮೇಲೆ ಬ್ರಿಸ್ಬೇನ್. ಅಡಿಲೇಡಿನ ಮನೆಯಲ್ಲಿ ಗುಂಡಿ ಒತ್ತಿದರೆ ಬಿಸಿ ಗಾಳಿ. ಇಲ್ಲಿ ಅದೂ ಬೇಕಿಲ್ಲ. ಅವ್ವನಿಗೆ ಮಗ ಒಂದು ಸ್ಮಾರ್ಟ್‌ಫೋನ್ ಕೊಡಿಸಿದ್ದ. ನಾಲ್ಕೈದು ತಿಂಗಳಿಗೊಮ್ಮೆ ವಾಟ್ಸ್ಯಾಪ್‌ನಲ್ಲಿ ಅವರ ದನಿ ಬರುತ್ತಿತ್ತು. ಕುಶಲ ಗಿಶಲ ಏನಿಲ್ಲ, ನೇರ ಒಂದೇ ಪ್ರಶ್ನೆ: "ಮಗಾ, ಕೂಸು ಈಗೆಷ್ಟು ತೂಕ?" ಮೊದಲೆಲ್ಲ ತಕ್ಷಣ ತೂಗಿ ಗ್ರಾಂ ಲೆಕ್ಕದಲ್ಲಿ ಹೇಳುತ್ತಿದ್ದೆ. ಆಮೇಲೆ ಅಂದಾಜಿನಲ್ಲಿ. ಆಮೇಲೆ ನನಗೆ ಕೆಲಸ ಸಿಕ್ಕಿತು, ಉತ್ತರಕ್ಕೆ ವಾರ ಹಿಡಿಯತೊಡಗಿತು. ಹೋದ ವರ್ಷ ಕೊನೆಯ ಸಲ ಅವರು ಕೇಳಿದಾಗ ನಾನು ಆಫೀಸಿನ ಮೀಟಿಂಗಿನಲ್ಲಿದ್ದೆ. ಒಂದು ಹೆಬ್ಬೆರಳಿನ ಚಿತ್ರ ಒತ್ತಿ ಕಳಿಸಿದೆ. ಸಂಜೆ ಸರಿಯಾಗಿ ಹೇಳೋಣ ಎಂದುಕೊಂಡೆ. ಸಂಜೆ ಮರೆತೆ. ಮೂರು ವಾರಕ್ಕೆ ಅವರ ಮಗನ ಮೆಸೇಜ್ ಬಂತು, ಅಮ್ಮ ತೀರಿಕೊಂಡರು ಎಂದು.

ಎಷ್ಟು ಸಲ ನನ್ನನ್ನು ನಾನೇ ಬೈದುಕೊಂಡಿದ್ದೇನೋ ಲೆಕ್ಕವಿಲ್ಲ. ಅವರು ಕೇಳಿದ್ದಾದರೂ ಏನು? ಒಂದು ಅಂಕಿ.

ಭಾನುವಾರ ಆ ಕರಕಲು ದೋಸೆ ಎಸೆದು ಬಂದು ಮಗಳನ್ನು ತೂಕದ ಮಿಷನ್ ಮೇಲೆ ನಿಲ್ಲಿಸಿದೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ವೈ, ಅಮ್ಮಾ?" ಎಂದಳು. "ಅವ್ವ ಕೇಳಿದ್ರು ಪುಟ್ಟಿ" ಎಂದೆ.

"ಹೂ ಈಸ್ ಅವ್ವ?"

ಕೂರಿಸಿಕೊಂಡು ಹೇಳಬೇಕು, ಹೇಳುತ್ತೇನೆ. ಅದಕ್ಕೆ ಮೊದಲು ಫೋನ್ ತೆಗೆದು, ಆ ಹೆಬ್ಬೆರಳಿನ ಕೆಳಗೆ ಬರೆದೆ: ಇಪ್ಪತ್ತೊಂದು ಕೆಜಿ ಮುನ್ನೂರು ಗ್ರಾಂ, ಅವ್ವ. ಕಳಿಸಿದೆ. ಒಂದೇ ಟಿಕ್ ಬಿತ್ತು. ಇವತ್ತಿಗೆ ಮೂರು ದಿನ, ಇನ್ನೂ ಒಂದೇ ಇದೆ.